ಹಿತ್ತಲ ದರಕು ಹಿತ್ತಲಿಗೇ ಸಲ್ಲಲಿ

ಚಳಿ ಹಿಂದೆ ಸರಿದು, ಮಲೆನಾಡಿನ ಮರಗಳು ಎಲೆಯುದುರಿಸಿ ಚಿಗುರಿಗೆ ಅಣಿಯಾಗುವ ಕಾಲವಿದು. ಮಾವು ಹೂ ಬಿಟ್ಟಿದೆ, ಹಲಸು ಮಿಡಿಗಟ್ಟಿದೆ, ಮುತ್ತುಗ ಕೆಂಪೇರಿದೆ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಯುತ್ತಿದ್ದಂತೆ, ಯುಗಾದಿಗೆ ಮುನ್ನ ಅಂಗಳ-ಹಿತ್ತಲುಗಳನ್ನು ಒಪ್ಪಗೊಳಿಸುವ ಕೆಲಸ ಮನೆಮನೆಗಳಲ್ಲಿ ಆರಂಭವಾಗುತ್ತದೆ. ಅದರೊಡನೆ ಮನೆಗಳ ಹಿಂಬದಿಯಿಂದ ಹೊಗೆಯೂ ಏಳತೊಡಗುತ್ತದೆ. ಗುಡಿಸಿ ರಾಶಿ ಹಾಕಿದ ದರಕಿಗೆ ಇಟ್ಟ ಬೆಂಕಿಯ ಹೊಗೆ ಅದು. ಸ್ವಚ್ಛತೆಯ ಹೆಸರಿನಲ್ಲಿ ನಡೆಯುವ ಈ ದಹನವನ್ನು ಈ ವರ್ಷದಿಂದಲಾದರೂ ಕೈಬಿಡಬೇಕೆಂಬುದು ನಮ್ಮ ವಿನಂತಿ.

ನಮ್ಮ ವಸಂತ ಬಿತ್ತನೆಯ ಋತುವಲ್ಲ. ಇಲ್ಲಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದ್ದು. ಚಿಗುರಿನ ಸಂಭ್ರಮದ ಬೆನ್ನಿಗೇ ಬಾವಿಯ ನೀರು ತಳ ಕಾಣುವ ಏಪ್ರಿಲ್-ಮೇ ತಿಂಗಳುಗಳಿವೆ. ಆದುದರಿಂದ ಹಿತ್ತಲಿನ ವಸಂತದ ಸಿದ್ಧತೆಯೆಂದರೆ ಮುಖ್ಯವಾಗಿ ನೆಲದ ತೇವವನ್ನು ಕಾಯುವ ಸಿದ್ಧತೆ. ಅದಕ್ಕೆ ಬೇಕಾದ ಹೊದಿಕೆಯನ್ನು ಮರಗಳು ಇದೇ ಹೊತ್ತಿಗೆ ಉದುರಿಸಿಕೊಡುತ್ತವೆ.

ದರಕು ಸುಟ್ಟರೆ ಬೂದಿ ಉಳಿಯುತ್ತದೆ, ಬೂದಿಯೂ ಗೊಬ್ಬರವೇ ಎಂಬ ವಾದವುಂಟು. ಬೂದಿಯಲ್ಲಿ ಪೊಟ್ಯಾಶ್ ಮತ್ತು ಸುಣ್ಣದ ಅಂಶ ಇರುವುದು ನಿಜ. ಆದರೆ ಎಲೆಯಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯಾಗಿ ಹೋಗುತ್ತದೆ. ಮಣ್ಣಿಗೆ ಸೇರಿ ನೀರು ಹಿಡಿದಿಡಬೇಕಾಗಿದ್ದ ಸಾವಯವ ಅಂಶ ಇಲ್ಲವಾಗುತ್ತದೆ. ಉಳಿದ ಬೂದಿಯಲ್ಲಿಯೂ ಎಷ್ಟೋ ಪಾಲು ಮೊದಲ ಜೋರು ಮಳೆಗೆ ಕೊಚ್ಚಿಹೋಗುತ್ತದೆ. ಹಿತ್ತಲಿನ ಕಿಡಿ ಬೇಲಿ ದಾಟಿ ಒಣಗಿದ ಬೆಟ್ಟಕ್ಕೆ ತಗುಲಿದರೆ ಆಗುವ ಅನಾಹುತವನ್ನು ಮಲೆನಾಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಪರ್ಯಾಸವೆಂದರೆ, ಮನೆಯಂಗಳದ ದರಕನ್ನು ಸುಡುವ ನಾವೇ ಕೊಟ್ಟಿಗೆಗೂ ತೋಟಕ್ಕೂ ದರಕು ತರಲು ಸೊಪ್ಪಿನ ಬೆಟ್ಟಕ್ಕೆ, ಅಲ್ಲಿ ಸಾಲದಿದ್ದರೆ ಕಾಡಿಗೆ ಹೋಗುತ್ತೇವೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಲ್ಲಿಯೇ ನೀಡಲಾಗಿತ್ತು. ಆ ಬೆಟ್ಟಗಳಲ್ಲಿ ಅನೇಕವು ಇಂದು ಬೋಳಾಗಿವೆ. ಅದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ದರಕು ಒಟ್ಟುಮಾಡುವ ಈ ತಿಂಗಳುಗಳೇ ಮಂಗನಕಾಯಿಲೆಯ ತಿಂಗಳುಗಳೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ, 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ರೋಗವನ್ನು ಹರಡುವ ಉಣುಗುಗಳು ಕಾಡಿನ ನೆಲದ ಒಣ ಎಲೆಗಳಲ್ಲಿ ಇರುತ್ತವೆ. ರೋಗ ಕಾಣಿಸಿಕೊಂಡ ಊರುಗಳಲ್ಲಿ ಕಾಡಿನಿಂದ ದರಕು ತರಬಾರದೆಂದು ಆರೋಗ್ಯ ಇಲಾಖೆ ಎಚ್ಚರಿಸುತ್ತಲೇ ಬಂದಿದೆ. ಬುಟ್ಟಿ ಹೊತ್ತು ಕಾಡಿಗೆ ಹೋಗುವವರು ಹೆಚ್ಚಾಗಿ ಮನೆಯ ಹೆಂಗಸರು ಮತ್ತು ಕೂಲಿಯವರು ಎಂಬುದನ್ನು ಮರೆಯಬಾರದು. ಹಿತ್ತಲಿನಲ್ಲಿ ಸುಟ್ಟ ಪ್ರತಿ ಬುಟ್ಟಿ ದರಕಿಗೂ ಬದಲಾಗಿ ಯಾರೋ ಒಬ್ಬರು ಕಾಡಿನೊಳಗೆ ಬಗ್ಗಿ ಗುಡಿಸಬೇಕಾಗುತ್ತದೆ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಮನೆ ಮತ್ತು ಕೊಟ್ಟಿಗೆಯ ಸುತ್ತ ಒಂದಿಷ್ಟು ಜಾಗವನ್ನು ಚೊಕ್ಕಟವಾಗಿ ಗುಡಿಸಿಡೋಣ. ಬೆಂಕಿ ಮತ್ತು ಉಣುಗು ಎರಡರ ದೃಷ್ಟಿಯಿಂದಲೂ ಇದು ಅಗತ್ಯ. ಗುಡಿಸಿದ್ದನ್ನು ಬಾಳೆ, ನಿಂಬೆ, ಕರಿಬೇವು, ಎಳೆಯ ಹಣ್ಣಿನ ಗಿಡಗಳ ಬುಡಕ್ಕೆ ಅರ್ಧ ಅಡಿ ದಪ್ಪಕ್ಕೆ ಹಾಸೋಣ. ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಟ್ಟರೆ ಬುಡ ಕೊಳೆಯದು, ಗೆದ್ದಲಿನ ಕಾಟವೂ ಕಡಿಮೆ. ಮಿಕ್ಕ ದರಕನ್ನು ನೆರಳಿನಲ್ಲಿ ತೆಗೆದ ಗುಂಡಿಗೆ ಹಾಕಿ, ನಡುನಡುವೆ ಸಗಣಿ ನೀರು ಚಿಮುಕಿಸಿ, ತೆಳುವಾಗಿ ಮಣ್ಣು ಮುಚ್ಚುತ್ತ ಬಂದರೆ ಮಳೆಗಾಲದ ನಾಟಿಯ ಹೊತ್ತಿಗೆ ಗೊಬ್ಬರ ಸಿದ್ಧ. ಬಚ್ಚಲಿನ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದರೆ ಬೇಸಿಗೆಯುದ್ದಕ್ಕೂ ಅದರ ಹಸಿರು ಆರದು. ಹಿತ್ತಲಿನಲ್ಲಿ ಸತ್ತ ಮಂಗ ಕಂಡುಬಂದಲ್ಲಿ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸತಕ್ಕದ್ದು.

ಬೀಜಗಳ ಕಡೆಗೂ ಗಮನ ಹರಿಸಬೇಕಾದ ಸಮಯವಿದು. ಅಟ್ಟದ ಬೂದಿಯಲ್ಲಿಟ್ಟ ಹೀರೆ, ಪಡವಲ, ಅಲಸಂದೆ ಬೀಜಗಳನ್ನು ಒಮ್ಮೆ ಬಿಸಿಲಿಗೆ ಹಾಕಿ, ಹುಳ ಹಿಡಿದವನ್ನು ಆರಿಸಿ ತೆಗೆಯಬೇಕು. ಸುವರ್ಣಗೆಡ್ಡೆಯನ್ನು ಈಗಲೇ ಹೊಂಡಕ್ಕಿಳಿಸಿ ದರಕು ಹೊದಿಸಿದರೆ ಮೊದಲ ಮಳೆಗೆ ಕುಡಿಯೊಡೆಯುತ್ತದೆ. ಹೆಚ್ಚಾದ ಬೀಜವನ್ನು ನೆರೆಮನೆಗೆ ಹಂಚುವುದು ಹಳೆಯ ರೂಢಿ. ಒಂದು ಮನೆಯಲ್ಲಿ ತಳಿ ನಷ್ಟವಾದರೆ ಇನ್ನೊಂದು ಮನೆಯಲ್ಲಿ ಅದು ಸಿಗುತ್ತದೆಂಬ ಭರವಸೆ ಆ ರೂಢಿಯ ಹಿಂದಿದೆ. ಇತ್ತೀಚೆಗೆ ಅಂಗಳಕ್ಕೆ ಸಿಮೆಂಟು ಇಟ್ಟಿಗೆ ಹಾಸಿ, ಅಂಚಿನ ಹುಲ್ಲಿಗೆ ಕಳೆನಾಶಕ ಸಿಂಪಡಿಸುವುದು ಹೆಚ್ಚುತ್ತಿದೆ. ತಾನಾಗಿ ಹುಟ್ಟಿ ತಂಬುಳಿಗೆ ಒದಗುತ್ತಿದ್ದ ಒಂದೆಲಗವೂ ಅದರೊಡನೆ ಮರೆಯಾಗುತ್ತಿದೆ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಳಕಣಿಯ ಜನ ಮರಗಳನ್ನಪ್ಪಿ ಕೊಡಲಿಯನ್ನು ತಡೆದರು. ‘ಉಳಿಸು, ಬೆಳೆಸು, ಬಳಸು’ ಎಂಬುದು ಆ ಅಪ್ಪಿಕೋ ಚಳವಳಿಯ ಸೂತ್ರವಾಯಿತು. ಕಾಡಿಗೆ ಅನ್ವಯಿಸಿದ ಆ ಸೂತ್ರ ಹಿತ್ತಲಿಗೂ ಅನ್ವಯಿಸುತ್ತದೆ. ಕಾಡನ್ನು ಉಳಿಸಿರೆಂದು ಸರ್ಕಾರವನ್ನು ಕೇಳುವ ನಾವು ನಮ್ಮ ಬೇಲಿಯೊಳಗಿನ ಎಲೆಯನ್ನು ಸುಡುತ್ತಿದ್ದರೆ ಆ ಬೇಡಿಕೆಗೆ ಬಲ ಬರುವುದಿಲ್ಲ. ಈ ಯುಗಾದಿಗೆ ನಮ್ಮ ಯಾವ ಹಿತ್ತಲಿನಲ್ಲಿಯೂ ಹೊಗೆಯೇಳದಿರಲಿ. ಊರಿನ ಮಹಿಳಾ ಮಂಡಳಗಳು, ಯುವಕ ಸಂಘಗಳು ಈ ಮಾತನ್ನು ಮನೆಮನೆಗೆ ಮುಟ್ಟಿಸುವ ಹೊಣೆ ಹೊರಬೇಕೆಂದು ಕೋರುತ್ತೇವೆ.