ಕಲ್ಲಿಗೆ ಕಾವಲು, ಒಲೆಗೆ ಬುಲ್ಡೋಜರು

ಹಂಪಿಗೆ ಬರುವ ಗೆಳೆಯರೇ, ಕಾರಿನಿಂದ ಇಳಿಯಿರಿ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ನಡೆದು ನೋಡಿ. ಸಾಲು ಮಂಟಪಗಳು ಬಿಕೋ ಎನ್ನುತ್ತವೆ. ಇಲ್ಲಿ ಚಹಾ, ಒಗ್ಗರಣಿ, ಮಿರ್ಚಿ ಮಾರಿ ಹೊಟ್ಟೆ ಹೊರೆದವರ ಮನೆ-ಅಂಗಡಿಗಳ ಮೇಲೆ 2011ರ ಜುಲೈನಲ್ಲಿ ಬುಲ್ಡೋಜರ್ ಹರಿಯಿತು. ಪರಂಪರೆ ಉಳಿಸಬೇಕಂತೆ!

ಯಾವ ಪರಂಪರೆ ಸ್ವಾಮಿ? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಈ ಪಟ್ಟಣದ ಬೀದಿಬೀದಿಯಲ್ಲಿ ಕುರಿಮಾಂಸ ಮಾರುವುದನ್ನು ಕಂಡ. ಸಂಜೆಸಂತೆಯ ನಿಂಬೆ, ದ್ರಾಕ್ಷಿ, ಸೌದೆಯನ್ನೂ ಬರೆದಿಟ್ಟ. ಆಮೇಲೆ ಬಂದ ನೂನಿಜ್, ಇಲ್ಲಿನ ಅರಸರು ದನದ ಮಾಂಸವೊಂದನ್ನು ಬಿಟ್ಟು ಹಂದಿ, ಮೊಲ, ಗುಬ್ಬಿ, ಇಲಿಯನ್ನೂ ತಿನ್ನುತ್ತಾರೆ, ಅವೆಲ್ಲ ಪೇಟೆಯಲ್ಲೇ ಸಿಗುತ್ತವೆ ಎಂದ. ಅರಸ ತಿಂದರೆ ಇತಿಹಾಸ. ನಮ್ಮ ಕೇರಿಯವರು ತಿಂದರೆ ಹೊಲಸು! ಗೈಡು ಮುತ್ತುರತ್ನ ಬಳ್ಳದಲ್ಲಿ ಅಳೆದ ಕತೆ ಹೇಳ್ತಾನೆ, ಈ ಪೇಟೆಯ ಹಂದಿಮಾಂಸದ ಮಾತೆತ್ತೋದಿಲ್ಲ. ಮಾರುವವರು, ಬೇಯಿಸುವವರು, ತಿನ್ನುವವರು ಇದ್ದುದರಿಂದಲೇ ಅಲ್ಲವೇ ಇದು ಪಟ್ಟಣವಾಗಿದ್ದು? ಅವರನ್ನು ಗುಡಿಸಿ ಹಾಕಿ ಬರೀ ಕಲ್ಲು ಕಾಯುವುದು ಹೆಣಕ್ಕೆ ಸಿಂಗಾರ ಮಾಡಿದಂತೆ.

ಬೀದಿ ವ್ಯಾಪಾರಿಗಳನ್ನು ಕಾಯುವ ಕಾಯ್ದೆ ಬಂದದ್ದು 2014ರಲ್ಲಿ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೂ ಯಾರನ್ನೂ ಎಬ್ಬಿಸಕೂಡದು ಎನ್ನುತ್ತದೆ ಅದು. ಹಂಪಿಯವರಿಗೆ ತಡವಾಯಿತು. ನಿಮ್ಮೂರ ಕೋಟೆ ಬಾಗಿಲಲ್ಲಿ ಬಜ್ಜಿ ಕರಿಯುವ ಅವ್ವನಿಗೆ ತಡವಾಗಬಾರದು. ಮೇಷ್ಟ್ರೇ, ಪ್ರವಾಸಕ್ಕೆ ಬಂದ ಮಕ್ಕಳಿಗೆ ಕಲ್ಲಿನ ರಥ ತೋರಿಸಿ, ಬೇಡ ಅನ್ನೋದಿಲ್ಲ. ಆ ಅವ್ವನ ಹತ್ತಿರ ಕಾಯ್ದೆಯ ಕಾಗದ ಇದೆಯೇ ಅಂತಲೂ ಕೇಳಿಸಿ. ಇಲ್ಲವಾದರೆ ಅವಳ ಜೊತೆ ಪುರಸಭೆಯ ಬಾಗಿಲು ಬಡಿಯಿರಿ.