ಗಡಿಕಲ್ಲಿಗೆ ಬಗ್ಗದ ನೀರು

ನಿಸರ್ಗವನ್ನು ಉಳಿಸಬೇಕಾದರೆ ಮೊದಲು ಅಲ್ಲಿನ ರೈತನನ್ನು ಒಕ್ಕಲೆಬ್ಬಿಸಬೇಕೆಂಬ ನಂಬಿಕೆ ಬಲು ಹಳೆಯದು. ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಕೇವ್ ರಾಷ್ಟ್ರೀಯ ಉದ್ಯಾನದ ಚರಿತ್ರೆಯನ್ನು ಬಲ್ಲವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಜಗತ್ತಿನಲ್ಲಿ ತಿಳಿದಿರುವ ಗುಹೆಗಳಲ್ಲೆಲ್ಲ ಉದ್ದವಾದುದು ಇದು. ಈವರೆಗೆ ಅಳೆದ ಭಾಗವೇ 680 ಕಿಲೋಮೀಟರಿಗೂ ಅಧಿಕ. 30 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದಲ್ಲಿ ಶೇಖರವಾದ ಸುಣ್ಣಕಲ್ಲೇ ಇದರ ಒಡಲು. ಮಳೆನೀರು ಮಣ್ಣಿಗಿಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲ ಆಮ್ಲವಾಗುತ್ತದೆ, ಬಿರುಕುಗಳಲ್ಲಿ ಹರಿದು ಕಲ್ಲನ್ನು ಕರಗಿಸುತ್ತದೆ. ಮೇಲೆ ಹೊದ್ದ ಮರಳುಗಲ್ಲು ಕರಗದುದರಿಂದ ಚಾವಣಿ ನಿಂತಿದೆ. ಗುಹೆಯನ್ನು ಕಲ್ಲಿನ ಸೃಷ್ಟಿಯೆನ್ನುವುದು ರೂಢಿ. ಮಣ್ಣಿನ ಪಾಲನ್ನು ಯಾರೂ ನೆನೆಯುವುದಿಲ್ಲ. ಮನುಷ್ಯರ ವಿಷಯದಲ್ಲೂ ಹಾಗೆಯೇ: 1838ರಿಂದ ಇದರ ಒಳದಾರಿಗಳನ್ನು ಶೋಧಿಸಿ, ನೆನಪಿನಿಂದಲೇ ನಕ್ಷೆ ಬರೆದ ಸ್ಟೀಫನ್ ಬಿಷಪ್ ಒಬ್ಬ ಗುಲಾಮನಾಗಿದ್ದ.

1941ರಲ್ಲಿ ಉದ್ಯಾನ ಸ್ಥಾಪನೆಯಾಯಿತು. ಅದಕ್ಕಾಗಿ ನೂರಾರು ಬೇಸಾಯದ ಕುಟುಂಬಗಳು ನೆಲ ಬಿಡಬೇಕಾಯಿತು. ಹೊಲಗಳಲ್ಲಿ ಕಾಡು ಬೆಳೆಯಿತು. ಸ್ಮಶಾನಗಳು ಮಾತ್ರ ಇಂದಿಗೂ ಅಲ್ಲೇ ಇವೆ.

ಆದರೆ ನೀರು ಗಡಿಕಲ್ಲನ್ನು ಕೇಳಿ ಹರಿಯುವುದಿಲ್ಲ. ಉದ್ಯಾನದಾಚೆಯ ಬಯಲಿನ ತುಂಬ ನೆಲ ಕುಸಿದಾದ ಆಲಿಕೆಯಂಥ ಗುಂಡಿಗಳಿವೆ. ಮೇಲೆ ಬಿದ್ದ ನೀರು ಸೋಸಿಕೊಳ್ಳದೆಯೇ ಅವುಗಳ ಮೂಲಕ ಪಾತಾಳ ಸೇರುತ್ತದೆ. ಉದ್ಯಾನದ ಜಲವಿಜ್ಞಾನಿಯಾಗಿದ್ದ ಜೇಮ್ಸ್ ಕ್ವಿನ್ಲನ್ ಇಂಥಲ್ಲಿ ಬಣ್ಣ ಬೆರೆಸಿ, ಅದು ಯಾವ ಬುಗ್ಗೆಯಲ್ಲಿ ಹೊರಬರುವುದೆಂದು ಪರೀಕ್ಷಿಸಿದರು. ಗುಹೆಯ ನೀರಿನಲ್ಲಿ ಬಹಳಷ್ಟು ಗಡಿಯಾಚೆಯಿಂದ ಬರುವುದೆಂದು ಸಿದ್ಧವಾಯಿತು.

ಸಮೀಪದ ಹಾರ್ಸ್ ಕೇವ್ ಪಟ್ಟಣದ ಕೆಳಗೆ ಹಿಡನ್ ರಿವರ್ ಎಂಬ ಇನ್ನೊಂದು ಗುಹೆಯಿದೆ. ಪಟ್ಟಣದ ಹೊಲಸೆಲ್ಲ ಅದರೊಳಗಿಳಿದು, ದುರ್ವಾಸನೆ ತಾಳಲಾರದೆ 1943ರಲ್ಲಿ ಪ್ರವಾಸಿಗರಿಗೆ ಬಾಗಿಲು ಮುಚ್ಚಿತು. 1989ರಲ್ಲಿ ಸುತ್ತಲಿನ ಪಟ್ಟಣಗಳಿಗೆ ಹೊಸ ಕೊಳಚೆ ಶುದ್ಧೀಕರಣದ ಏರ್ಪಾಡಾಯಿತು. 1993ರಲ್ಲಿ ಗುಹೆ ಪುನಃ ತೆರೆಯಿತು. ಕುರುಡು ಮೀನುಗಳು ಮರಳಿ ಬಂದವು. ಇದಕ್ಕಾಗಿ ಯಾರನ್ನೂ ಒಕ್ಕಲೆಬ್ಬಿಸಲಿಲ್ಲ, ಚರಂಡಿಗಳನ್ನು ಜೋಡಿಸಿದರು, ಅಷ್ಟೆ.

ಉಳಿದಿರುವುದು ಬಯಲಿನ ಹೊಲಗಳ ಪ್ರಶ್ನೆ. ಗೊಬ್ಬರ, ಕಳೆನಾಶಕಗಳು ಗುಂಡಿಗಿಳಿಯದಂತೆ ಸುತ್ತ ಹುಲ್ಲಿನ ಪಟ್ಟಿಯನ್ನು ಬಿಡುವುದು ಬಲ್ಲ ಉಪಾಯವೇ. ಆದರೆ ಅಷ್ಟು ಅಗಲದ ಬೆಳೆ ರೈತನಿಗೆ ನಷ್ಟ. ಗುಹೆಯ ಸೊಬಗು ಲೋಕಕ್ಕೆಲ್ಲ ಸೇರಿದ್ದಾದರೆ ಆ ನಷ್ಟವನ್ನೂ ಲೋಕವೇ ತುಂಬಿಕೊಡಬೇಕು.