ಬೆಳಕಿನ ಮಾತು ಕೇಳುವ ಆಂಟೆನಾ

ಆಂಟೆನಾ ಯಾವ ಆವರ್ತನದಲ್ಲಿ ಕೆಲಸ ಮಾಡಬೇಕೆಂಬುದನ್ನು ಬಹುಮಟ್ಟಿಗೆ ಅದರ ಅಳತೆಯೇ ತೀರ್ಮಾನಿಸುತ್ತದೆ. 3 ಗಿಗಾಹರ್ಟ್ಸ್‌ಗೆ ಅರ್ಧ ತರಂಗದ ಡೈಪೋಲ್ (ಎರಡು ತೋಳಿನ ಸರಳ ಆಂಟೆನಾ) ಸುಮಾರು 5 ಸೆಂ.ಮೀ. ಇದ್ದರೆ ಸಾಕು, 2 ಗಿಗಾಹರ್ಟ್ಸ್‌ಗೆ ಏಳೂವರೆ ಬೇಕು.

ಲೋಹ ಮುಟ್ಟದೆ ಈ ಉದ್ದ ಬದಲಿಸಲು ಸಾಧ್ಯವೇ? ಸಾಧ್ಯವೆಂದು ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲೇ ತೋರಿಸಿದರು. ಡೈಪೋಲ್‌ನ ಎರಡೂ ತೋಳುಗಳಲ್ಲಿ ಸಣ್ಣ ಸಂದು ಬಿಟ್ಟು, ಅಲ್ಲಿ ಸಿಲಿಕಾನ್ ಚೂರು ಕೂರಿಸಿದರು. ಕತ್ತಲಲ್ಲಿ ಅದು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದು. ತೋಳು ಅಲ್ಲಿಗೇ ಮುಗಿದಂತೆ. ಆಪ್ಟಿಕಲ್ ಫೈಬರ್‌ನಿಂದ ಲೇಸರ್ ಬೆಳಕು ಬಿದ್ದೊಡನೆ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಸಂದು ಬೆಸೆದುಕೊಳ್ಳುತ್ತದೆ, ತೋಳು ಉದ್ದವಾಗಿ ಆವರ್ತನ ಇಳಿಯುತ್ತದೆ. ವ್ಯತ್ಯಾಸ ಸುಮಾರು ಶೇ 40!

ಇಂಥ ಸಂದು ಬೆಸೆಯಲು ಬಳಸುವ ಸಾಮಾನ್ಯ ಡಯೋಡ್ ಸ್ವಿಚ್‌ಗಳಿಗೆ ತಂತಿಗಳು ಬೇಕು. ಆ ತಂತಿಗಳೇ ಆಂಟೆನಾದ ವಿಕಿರಣವನ್ನು ಕೆಡಿಸುತ್ತವೆ. ಗಾಜಿನ ಫೈಬರ್‌ನಿಂದ ಆ ಕಾಟವಿಲ್ಲ.

ಸಂದು ಬೆಸೆದಿರುವಷ್ಟು ಹೊತ್ತೂ ಲೇಸರ್ ಉರಿಯುತ್ತಿರಬೇಕು, ಅದಕ್ಕೆ ವಿದ್ಯುತ್ ಖರ್ಚಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಬ್ಯಾಟರಿ ನಂಬಿದ ಮೊಬೈಲ್‌ಗೆ ಇದು ಹೊರೆ. ಆದರೆ ಜಾಗಕ್ಕೂ ತೂಕಕ್ಕೂ ಲೆಕ್ಕವಿಡುವ ಉಪಗ್ರಹದಲ್ಲಿ ಒಂದೇ ಆಂಟೆನಾ ಹಲವು ಆವರ್ತನಗಳನ್ನು ನಿಭಾಯಿಸುವುದು ಸಣ್ಣ ಲಾಭವಲ್ಲ. ಇಸ್ರೊದ ಉಪಗ್ರಹಗಳು ರೂಪುಗೊಳ್ಳುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಾದರೂ ಇದನ್ನು ಪಠ್ಯದ ಅಂಚಿನಲ್ಲಿ ಬಿಡದೆ ಪ್ರಯೋಗಾಲಯದ ಮೇಜಿಗೆ ತರಬೇಕು.